ಮೋತ್ಯಾನ ಮಾತು ಬಲ್ಲವರು

ಆ ನಾಯಿ ಮೊದಲನೇ ವಾರವೇ ಬಾಗಿಲ ಕಡೆ ತಿರುಗಿ ಗುರ್ರೆನ್ನದೆ ಇದ್ದಿದ್ದರೆ ವೀರಭದ್ರಪ್ಪನವರಿಗೆ ಈ ಫಜೀತಿಯೇ ಇರುತ್ತಿರಲಿಲ್ಲ.

ಮುಂಬಯಿ ಹತ್ತಿರದ ಡೊಂಬಿವಲಿಯ ಆ ಮೂರು ಮಾಳಿಗೆಯ ಕಟ್ಟಡಕ್ಕೆ ಟಿ.ವಿ. ಬಂದದ್ದು ಎಪ್ಪತ್ತೆಂಟರಲ್ಲಿ, ಹೋಟೆಲು ನಡೆಸುವ ದೇಜಪ್ಪನವರ ಮನೆಗೆ. ಶನಿವಾರ ಸಂಜೆ ಏಳಕ್ಕೆ ಅದರಲ್ಲಿ ಒಂದು ಅಮೆರಿಕದ ಧಾರಾವಾಹಿ ಬರುತ್ತಿತ್ತು. ದೊಡ್ಡ ಟೊಪ್ಪಿಗೆಯ ಕುದುರೆ ಸವಾರ, ಸೊಂಟಕ್ಕೆ ಪಿಸ್ತೂಲು, ಊರ ತುಂಬ ಧೂಳು, ಜೊತೆಗೆ ಸವಾರನ ಮಾತು ಒಂದನ್ನೂ ಕೇಳದ ಜೋಲುಕಿವಿಯ ನಾಯಿ. ಕಟ್ಟಡದ ಕನ್ನಡದವರೆಲ್ಲ ಚಾಪೆಯ ಮೇಲೆ ಸೇರುತ್ತಿದ್ದರು. ಮೊದಲ ವಾರ ನಾಯಿ ಗುರ್ರೆಂದಾಗ ಮೇಲಿನ ಮಾಳಿಗೆಯ ಮಹಾದೇವಕ್ಕ, "ಯಾಕ್ರಿ ಅದು ಹಂಗ ನೋಡ್ತೈತಿ?" ಎಂದು ಕೇಳಿದರು. ಅಷ್ಟೂ ಜನರಲ್ಲಿ ಇಂಗ್ಲಿಷಿನಲ್ಲಿ ಪತ್ರ ಬರೆಯುವ ಗುಮಾಸ್ತರು ವೀರಭದ್ರಪ್ಪ ಒಬ್ಬರೇ. ಎಲ್ಲರ ತಲೆ ಅವರ ಕಡೆಗೆ ತಿರುಗಿತು.

ವೀರಭದ್ರಪ್ಪನವರಿಗೆ ಇಂಗ್ಲಿಷ್ ಬರುತ್ತಿತ್ತು, ಸುಳ್ಳಲ್ಲ. ಆದರೆ ಅದು 'ವಿತ್ ರೆಫರೆನ್ಸ್ ಟು ಯುವರ್ ಲೆಟರ್' ಎಂದು ಶುರುವಾಗುವ ಇಂಗ್ಲಿಷ್. ಆ ಸವಾರರು ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡವರಂತೆ ಮಾತಾಡುತ್ತಿದ್ದರು. ಒಬ್ಬನೂ ಯಾವ ಪತ್ರದ ರೆಫರೆನ್ಸನ್ನೂ ಕೊಡಲಿಲ್ಲ. ಆದರೂ ವೀರಭದ್ರಪ್ಪ ಗಂಟಲು ಸರಿಮಾಡಿಕೊಂಡು, "ಹೊರಗ ವೈರಿ ಬಂದಾನ್ರಿ. ನಾಯಿ ಮಾಲಕಗ ಹೇಳಾಕತ್ತೈತಿ" ಎಂದುಬಿಟ್ಟರು. ಅದೇ ಹೊತ್ತಿಗೆ ಪರದೆಯ ಮೇಲೆ ಯಾರೋ ಬಾಗಿಲು ಒದ್ದು ಒಳಗೆ ಬಂದ. ಮನೆಯವರೆಲ್ಲ ಹೋ ಎಂದರು. ದೇಜಪ್ಪ ಎದ್ದು, ಮನೆಯಲ್ಲಿದ್ದ ಒಂದೇ ಒಂದು ಕುರ್ಚಿಯನ್ನು ತಂದು ಟಿ.ವಿ.ಯ ಪಕ್ಕಕ್ಕೆ ಹಾಕಿದರು. "ಇನ್ನು ನೀವು ಇಲ್ಲಿ ಕೂತುಕೊಳ್ಳಿ ಮಾರಾಯ್ರೆ. ನೀವು ಹೇಳಿದರೆ ನಮಗೆ ಗೊತ್ತಾಗ್ತದೆ."

ಕುರ್ಚಿ! ವೀರಭದ್ರಪ್ಪನವರು ಹನ್ನೊಂದು ವರ್ಷದಿಂದ ಎಂಟು ಐದರ ಲೋಕಲ್ ರೈಲಿನಲ್ಲಿ ವಿ.ಟಿ. ಸ್ಟೇಶನ್ನಿನವರೆಗೆ ನಿಂತೇ ಹೋಗಿ ನಿಂತೇ ಬಂದವರು. ಮೂರು ಜನ ಕೂತ ಬೆಂಚಿನ ತುದಿಯಲ್ಲಿ ಅರ್ಧ ಅಂಡಿಗಷ್ಟೇ ಆಸರೆ ಕೊಡುವ ನಾಲ್ಕನೇ ಸೀಟು ಕೂಡ ಅವರ ಹಣೆಯಲ್ಲಿ ಬರೆದಿರಲಿಲ್ಲ. ಮನೆಗೆ ಬಂದೊಡನೆ ಹೆಂಡತಿ ಗಿರಿಜವ್ವ "ಸೀಟು ಸಿಕ್ತೇನ್ರಿ?" ಎಂದು ಕೇಳುವುದು, ಇವರು "ಇಲ್ಲ" ಎನ್ನುವುದು ದಿನದ ಪೂಜೆಯಂತೆ ನಡೆದಿತ್ತು. ಅಂಥವರಿಗೆ ಕೈಯಿರುವ ಕುರ್ಚಿ ಸಿಕ್ಕಿತು, ಅದೂ ಜನರ ಮುಂದೆ. ಇನ್ನು ಬಿಡುವುದುಂಟೇ? ಅವರು ಸವಾರನಿಗೆ ಶಂಕರೆಪ್ಪ ಎಂದೂ ನಾಯಿಗೆ ಮೋತ್ಯಾ ಎಂದೂ ಹೆಸರಿಟ್ಟರು. ನಾಲ್ಕನೇ ವಾರ ನಾಯಿ ಒಂದು ಗೋರಿಯ ಪಕ್ಕ ಮಲಗಿದಾಗ, ಮೋತ್ಯಾ ಬೇರೆ ಯಾರೂ ಅಲ್ಲ, ಶಂಕರೆಪ್ಪನ ಸತ್ತ ಅಪ್ಪ ಮರುಹುಟ್ಟು ಪಡೆದವನು ಎಂದುಬಿಟ್ಟರು. ಅಂದಿನಿಂದ ನಾಯಿ ಪರದೆಗೆ ಬಂದೊಡನೆ ಮಹಾದೇವಕ್ಕ ಕೈ ಮುಗಿಯುತ್ತಿದ್ದರು.

ಹೀಗೆ ಹದಿನಾಲ್ಕು ವಾರ ಕಳೆದವು. ಒಂದು ಗುಟ್ಟನ್ನು ಮಾತ್ರ ವೀರಭದ್ರಪ್ಪ ಗಿರಿಜವ್ವನಿಗೂ ಹೇಳಿರಲಿಲ್ಲ. ಆ ನಾಯಿಯ ನಿಜವಾದ ಕತೆ ಏನು ಎಂದು ತಿಳಿಯುವ ಕುತೂಹಲ ಕಟ್ಟಡದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಅವರಿಗೇ ಇತ್ತು.

ಹದಿನೈದನೇ ಶನಿವಾರ ಬೆಳಿಗ್ಗೆ ನಳದ ಹತ್ತಿರ ದೇಜಪ್ಪನವರ ಹೆಂಡತಿ ದಮಯಂತಿ ನಗುತ್ತ ಸುದ್ದಿ ಕೊಟ್ಟರು. "ಇವತ್ತು ನನ್ನ ಅಣ್ಣ ಬರ್ತಾರೆ, ಹರಿಶ್ಚಂದ್ರಣ್ಣ. ಒಂಬತ್ತು ವರ್ಷ ಫಾರಿನ್ ಹಡಗಿನಲ್ಲಿ ಇದ್ದವರು. ಇಂಗ್ಲಿಷ್ ಅಂದರೆ ನೀರು ಕುಡಿದ ಹಾಗೆ. ಇವತ್ತು ನೀವಿಬ್ಬರೂ ಒಟ್ಟಿಗೆ ಕೂತು ಹೇಳಿ, ಆಯ್ತಾ?"

ವೀರಭದ್ರಪ್ಪನವರ ಕೈಯಲ್ಲಿದ್ದ ಕೊಡ ತುಂಬಿ ಹರಿಯುತ್ತಿತ್ತು. ಕಳ್ಳನ ಜೀವ ಹುಳ್ಳುಳ್ಳಗೆ ಎಂಬಂತೆ ಶನಿವಾರದ ಅರ್ಧ ದಿನದ ಆಫೀಸಿನಲ್ಲಿ ಅವರಿಗೆ ಒಂದು ಪತ್ರವನ್ನೂ ಸರಿಯಾಗಿ ಬರೆಯಲಾಗಲಿಲ್ಲ. ಹಡಗಿನವನು ಬಾಯಿ ತೆರೆದರೆ ಮೋತ್ಯಾನೂ ಹೋದ, ಅವನ ಮರುಹುಟ್ಟೂ ಹೋಯಿತು, ಕುರ್ಚಿಯೂ ಹೋಯಿತು.

ಸಂಜೆ ಆರೂವರೆಗೆ ಅವರು ಮೆಲ್ಲಗೆ ಗಚ್ಚಿಯ ಮೇಲೆ ಹತ್ತಿದರು. ಆಂಟೆನಾ ಒಂದಿಷ್ಟು ತಿರುಗಿಸಿದರೆ ಚಿತ್ರವೇ ಬರುವುದಿಲ್ಲ. ಚಿತ್ರವಿಲ್ಲದೆ ಹಡಗಿನವನು ಏನು ಅರ್ಥ ಹೇಳುತ್ತಾನೆ? ಕಂಬ ಹಿಡಿದು ಎಡಕ್ಕೆ ತಿರುಗಿಸಿ ಒಂದು ಹೆಜ್ಜೆ ಹಿಂದಿಟ್ಟರು. ಕಾಲ ಕೆಳಗೆ ಕರಕರ ಎಂದಿತು.

"ಅಯ್ಯ ನನ ಶಿವನ! ನನ್ನ ಸಂಡಿಗಿ!" ಒಣಗಿದ ಸಂಡಿಗೆ ಬಾಚಲು ಬಂದ ಮಹಾದೇವಕ್ಕ ಬಾಗಿಲಲ್ಲೇ ನಿಂತಿದ್ದರು. "ಏನ್ ಮಾಡಾಕತ್ತೀರಿ ವೀರಭದ್ರಣ್ಣಾರ ಇಲ್ಲೆ?"

"ಆಂಟೆನಾ... ನೆಟ್ಟಗ ಮಾಡಾಕತ್ತಿದ್ದೆರಿ ಅಕ್ಕಾರ."

ಅಷ್ಟರಲ್ಲಿ ಕೆಳಗಿನಿಂದ ದೇಜಪ್ಪನವರ ಕೂಗು ಬಂತು. "ಯಾರು ಮಾರಾಯ್ರೆ ಮೇಲೆ? ಇಷ್ಟು ಚಂದದ ಚಿತ್ರ ಇವತ್ತಿನವರೆಗೆ ಬಂದದ್ದಿಲ್ಲ! ಹಾಗೇ ಬಿಡಿ, ಮುಟ್ಟಬೇಡಿ!"

ವೀರಭದ್ರಪ್ಪ ಮನೆಗೆ ಓಡಿಬಂದು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕಂಬಳಿ ಹೊದ್ದು ಮಲಗಿದರು. ಗಂಟಲು ಕಟ್ಟಿದೆ, ಮಾತು ಹೊರಡುವುದಿಲ್ಲ ಎಂದು ಗಿರಿಜವ್ವನ ಕೈಲಿ ಹೇಳಿ ಕಳಿಸಿದರು. ಐದು ನಿಮಿಷದಲ್ಲಿ ಇಡೀ ಕಟ್ಟಡವೇ ಅವರ ಒಂದು ಕೋಣೆಯಲ್ಲಿ ತುಂಬಿತು. ದಮಯಂತಿ ಕರಿಮೆಣಸಿನ ಕಷಾಯ ಕುಡಿಸಿದರು. ಮಹಾದೇವಕ್ಕ ಸಂಡಿಗೆಯ ಸಿಟ್ಟನ್ನೂ ಸೇರಿಸಿ ಗಂಟಲಿಗೆ ಅರಿಸಿನ ಸುಣ್ಣ ಮೆತ್ತಿದರು. "ನೀವಿಲ್ಲದೆ ಶುರು ಮಾಡುವುದುಂಟಾ?" ಎಂದು ದೇಜಪ್ಪ ಅವರನ್ನು ಕಂಬಳಿ ಸಮೇತ ಎಬ್ಬಿಸಿ ನಡೆಸಿಕೊಂಡು ಹೋದರು. ನಿಜ ಹೇಳಬೇಕೆಂದರೆ ವೀರಭದ್ರಪ್ಪ ಬಹಳ ಏನೂ ಕೊಸರಾಡಲಿಲ್ಲ. ಇವತ್ತಾದರೂ ಆ ನಾಯಿಯ ಕತೆ ತಿಳಿಯುತ್ತದಲ್ಲ ಎಂಬ ಆಸೆ ಒಳಗೇ ಕೆರೆಯುತ್ತಿತ್ತು.

ಅಲ್ಲಿ ನೋಡಿದರೆ ಕುರ್ಚಿ ತುಂಬಿತ್ತು. ಬೆಳ್ಳಗಿನ ಬುಶ್ ಶರ್ಟಿನ ಹರಿಶ್ಚಂದ್ರ ಅದರಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಹೇಗೂ ನಿಮಗೆ ಇವತ್ತು ಮಾತು ಬರುವುದಿಲ್ಲವಲ್ಲ" ಎಂದು ದಮಯಂತಿ ಮರುಕದಿಂದ ಹೇಳಿದರು. ಚಾಪೆಯಲ್ಲೂ ಜಾಗವಿರಲಿಲ್ಲ. ವೀರಭದ್ರಪ್ಪ ಗೋಡೆಗೆ ಒರಗಿ ನಿಂತರು.

ಧಾರಾವಾಹಿ ಶುರುವಾಯಿತು. ಶಂಕರೆಪ್ಪ ಹೊಳೆಯಲ್ಲಿ ಸ್ನಾನಕ್ಕಿಳಿದ. ಮೋತ್ಯಾ ಅವನ ಪ್ಯಾಂಟು ಕಚ್ಚಿಕೊಂಡು ಓಡಿತು. ಶಂಕರೆಪ್ಪ ಒಂದು ಮರದ ಪೀಪಾಯಿಯೊಳಗೆ ಹೊಕ್ಕು ಊರ ಬೀದಿಯಲ್ಲಿ ಕುಣಿಯುತ್ತ ಬಂದ. ಚಾಪೆಯ ಮೇಲಿನ ಜನ ನಕ್ಕರು, ನಗುತ್ತಲೇ ಎಲ್ಲರೂ ಕುರ್ಚಿಯ ಕಡೆ ನೋಡಿದರು.

"ಅಪ್ಪ ಆಗಿ ಮಗನ ಪ್ಯಾಂಟು ಯಾಕ ಒಯ್ತ್ರಿ?" ಎಂದರು ಮಹಾದೇವಕ್ಕ. "ಅದು ಅವನ ಅಪ್ಪ ಹೌದಲ್ರಿ?"

ವೀರಭದ್ರಪ್ಪ ಕಣ್ಣು ಮುಚ್ಚಿಕೊಂಡರು.

"ಹೌದಲ್ಲ ಮತ್ತೆ!" ಎಂದ ಹರಿಶ್ಚಂದ್ರ. "ಸ್ವಂತ ಅಪ್ಪ. ಈಗ ಹೇಳ್ತಾ ಉಂಟು, ಮಗನೇ, ಹೆಣ್ಣು ನೋಡಲಿಕ್ಕೆ ಹೋಗುವಾಗ ಇಂಥ ಕೊಳಕು ಪ್ಯಾಂಟ್ ಹಾಕಬೇಡ ಅಂತ."

ಕೋಣೆ ಗೊಳ್ಳೆಂದಿತು. ವೀರಭದ್ರಪ್ಪನವರ ಕಣ್ಣು ತಾನಾಗಿಯೇ ತೆರೆಯಿತು. ಆ ಅಪ್ಪನನ್ನು ನಾಲ್ಕನೇ ವಾರ ಹುಟ್ಟಿಸಿದವರು ತಾವೇ! ಅಂದರೆ ಈ ಹಡಗಿನವನಿಗೂ ಒಂದು ಅಕ್ಷರ ತಿಳಿದಿಲ್ಲ. ಸುಳ್ಳುಗಾರ ಎಂದು ಕೂಗಲು ಬಾಯಿ ತೆರೆದರು. ಅವನ ಸುಳ್ಳು ಬಯಲಾದರೆ ಮೊದಲು ತಮ್ಮದೇ ಬಯಲಾಗುತ್ತದೆ ಎಂದು ಹೊಳೆದು ಬಾಯಿ ಮುಚ್ಚಿದರು.

ಎಲ್ಲ ಮುಗಿದ ಮೇಲೆ ಮೆಟ್ಟಿಲಲ್ಲಿ ಹರಿಶ್ಚಂದ್ರ ಅವರ ಕೈ ಹಿಡಿದುಕೊಂಡ.

"ನನ್ನ ಮಾನ ಉಳಿಸಿದಿರಿ ವೀರಭದ್ರಪ್ಪನವರೇ. ಗಂಟಲು ಸರಿ ಇದ್ದಿದ್ದರೆ ನೀವು ನನ್ನ ತಪ್ಪು ಹಿಡೀತಿದ್ದಿರಿ. ನಾನು ಹಡಗಿನಲ್ಲಿ ಅನ್ನ ಬೇಯಿಸಿದವ. ಅಡುಗೆಕೋಣೆಯಲ್ಲಿ ಎಲ್ಲ ನಮ್ಮ ಊರಿನವರೇ, ಮಾತಾಡಿದ್ದೆಲ್ಲ ತುಳು. ನಿಮ್ಮ ಕತೆ ತಂಗಿ ಕಾಗದದಲ್ಲಿ ಬರೀತಿದ್ದಳು, ಅದನ್ನೇ ಹೇಳಿದ್ದು. ಈಗ ಹಡಗು ಬಿಟ್ಟಾಯ್ತು, ಇನ್ನು ಭಾವನ ಹೋಟೆಲಿನಲ್ಲೇ ಇರೋದು." ಅವನು ದನಿ ತಗ್ಗಿಸಿದ. "ಒಂದು ಹೇಳಿ, ನಿಮಗೆ ಮಾತ್ರ ಗೊತ್ತಿರೋದು. ನಿಜಕ್ಕೂ ಆ ನಾಯಿ ಪ್ಯಾಂಟು ಕದ್ದದ್ದು ಯಾಕೆ?"

'ನನಗೂ ಗೊತ್ತಿಲ್ಲಪ್ಪಾ' ಎಂಬ ಮಾತು ಅರಿಸಿನ ಸುಣ್ಣ ಮೆತ್ತಿದ ಗಂಟಲವರೆಗೆ ಬಂತು. ಆದರೆ ಎದುರಿಗಿದ್ದವನ ಕಣ್ಣಲ್ಲಿ ಅಷ್ಟೊಂದು ಭಕ್ತಿ ಇತ್ತು.

"ಕಿಸೆದಾಗ ಬಂಗಾರದ ಗಣಿ ನಕ್ಷೆ ಇತ್ರಿ" ಎಂದು ಗಂಟಲು ಕಟ್ಟಿದವರಂತೆಯೇ ಪಿಸುಗುಟ್ಟಿದರು ವೀರಭದ್ರಪ್ಪ.

"ಅಬ್ಬಾ! ಹಾಗಾದರೆ ಬರುವ ವಾರದಿಂದ ನೀವು ನನ್ನ ಹಿಂದೆಯೇ ನಿಂತು ಕಿವಿಯಲ್ಲಿ ಹೇಳ್ತಾ ಹೋಗಿ. ನಾನು ಜೋರಾಗಿ ಹೇಳ್ತೇನೆ. ಹೇಗೂ ನಿಮ್ಮ ಗಂಟಲು ಸರಿ ಇಲ್ಲವಲ್ಲ!"

ಮನೆಗೆ ಬಂದಾಗ ಗಿರಿಜವ್ವ ರೊಟ್ಟಿ ಬಡಿಯುತ್ತಿದ್ದಳು. ರೂಢಿಯಂತೆ ತಲೆ ಎತ್ತದೆ ಕೇಳಿದಳು.

"ಸೀಟು ಸಿಕ್ತೇನ್ರಿ?"

ವೀರಭದ್ರಪ್ಪ ಮಫ್ಲರ್ ಬಿಚ್ಚಿ ಗೂಟಕ್ಕೆ ಹಾಕಿದರು. "ಸಿಕ್ತು" ಎಂದರು. "ಹಿಂದ ನಿಂತು ಹಿಡಕೊಳ್ಳಾಕ."