ಚಿಕ್ಕಪ್ಪನ ಸಿನಿಮಾದಲ್ಲಿ ಯಾರೂ ಸಾಯುವುದಿಲ್ಲ

ನಮ್ಮ ಚಿಕ್ಕಪ್ಪ ಇರುವಷ್ಟು ದಿನ ಯಾವ ಸಿನಿಮಾದಲ್ಲೂ ಯಾರೂ ಸಾಯುವಂತಿಲ್ಲ! ರಾಯದುರ್ಗದ ಟಾಕೀಸಿನಲ್ಲಿ ನಾಯಕಿ ಒಮ್ಮೆ ಕೆಮ್ಮಿದರೆ ಸಾಕು, ಪಂಚೆ ಕೊಡವಿಕೊಂಡು ಎದ್ದುಬಿಡುತ್ತಿದ್ದರು. ಮನೆಗೆ ಬಂದು ಮುಂದಿನ ಕಥೆಯನ್ನು ತಾವೇ ಕಟ್ಟಿ ಹೇಳುತ್ತಿದ್ದರು. ಆ ಕಥೆಯಲ್ಲಿ ಕೆಮ್ಮು ವಾಸಿಯಾಗುತ್ತಿತ್ತು. ಔಷಧಿಯನ್ನು ಖಳನಾಯಕನೇ ತಂದುಕೊಡುತ್ತಿದ್ದ. ಚಿಕ್ಕಮ್ಮ ಅದೇ ಸಿನಿಮಾವನ್ನು ಟಿವಿಯಲ್ಲಿ ಕೊನೆಯವರೆಗೂ ನೋಡಿ, ಅವಳು ಸತ್ತಳಲ್ಲ ಎಂದು ಕೇಳಿದರೆ, ಟಿವಿಯವರು ಜಾಹೀರಾತಿಗೆ ಹೊತ್ತು ಸಾಲದೆ ಅವಳನ್ನು ಸಾಯಿಸಿದ್ದಾರೆ ಎನ್ನುತ್ತಿದ್ದರು. ಇಂಥವರ ಜತೆ ವಾದ ಮಾಡುವುದುಂಟೆ?

ಈಚೆಗೆ ಮಡಕಶಿರಾ ಕಡೆಯಿಂದ ಅತ್ತೆಯ ಫೋನು ಬಂತು. ಅತ್ತೆ ಎಂದರೆ ಚಿಕ್ಕಪ್ಪನ ಅಕ್ಕ. ಗುಡಿಬಂಡೆ ಹತ್ತಿರದ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ಮನೆ ಅವರದು. ಮಾತಿನ ಸಿನಿಮಾ ಬಂದ ಹೊಸತರಲ್ಲಿ, ಹೆಸರಾಂತ ಕಾದಂಬರಿಯೊಂದರಿಂದ ತೆಗೆದ ಚಿತ್ರ ಫೋನಿನಲ್ಲಿ ಸಿಕ್ಕಿದೆ, ಭಾನುವಾರ ಸೊಸೆ ಟಿವಿಗೆ ಹಾಕಿಕೊಡುತ್ತಾಳೆ ಎಂದು ಅವರ ಸಂಭ್ರಮ. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ಭಾನುವಾರ ಬೆಳಿಗ್ಗೆ ನನಗೆ ಕಾಫಿ ಕುಡಿಯಲೂ ಬಿಡದೆ ಬಸ್ಸು ಹತ್ತಿಸಿದರು.

ಕಾರಣ ದಾರಿಯಲ್ಲಿ ಹೇಳಿದರು. ಚಿಕ್ಕಂದಿನಲ್ಲಿ ಅಕ್ಕ ತಮ್ಮ ಆ ಕಾದಂಬರಿಯನ್ನು ಜತೆಯಾಗಿ ಓದುತ್ತಿದ್ದರಂತೆ. ಅರ್ಧ ಮುಗಿಯುವಷ್ಟರಲ್ಲಿ ಅತ್ತೆಯ ಮದುವೆ. ಗಂಡನ ಮನೆಗೆ ಹೊರಟ ದಿನ ಅವರು ಅಳುತ್ತಲೇ, ಕಥೆಯ ಆ ಹುಡುಗಿ ಏನಾದಳು ಎಂದು ತಮ್ಮನನ್ನು ಕೇಳಿದರಂತೆ. ಊರು ಬಿಟ್ಟುಹೋದ ನಾಯಕನನ್ನು ಕಾಯುತ್ತ ಅವಳು ಜ್ವರದಲ್ಲಿ ಸತ್ತದ್ದನ್ನು ತಮ್ಮ ಆಗಲೇ ಓದಿ ಮುಗಿಸಿದ್ದ. ಆದರೂ, "ಅವ ಬಂದ, ಮದುವಿ ಆತು" ಎಂದುಬಿಟ್ಟ. ಚಿಕ್ಕಪ್ಪ ಕಟ್ಟಿದ ಮೊದಲ ಕಥೆ ಅದು!

ಮಡಕಶಿರಾದಲ್ಲಿ ಆಟೋ ಹಿಡಿದು ನಾವು ತಲುಪುವ ಹೊತ್ತಿಗೆ ಸಿನಿಮಾ ಶುರುವಾಗಿತ್ತು. ಆ ಕಾಲದ ಸಿನಿಮಾದವರು ಮೈಕನ್ನು ಯಾವ ಹೂಕುಂಡದಲ್ಲಿ ಅಡಗಿಸಿಟ್ಟಿದ್ದರೋ, ನಟರೆಲ್ಲ ಅದರ ಸುತ್ತಲೇ ನಿಂತು ಕೂಗುತ್ತಿದ್ದರು. ಪ್ರೇಮದ ಮಾತೂ ಕಂಡಕ್ಟರ್ ಊರು ಕೂಗಿದ ಹಾಗೆ! ನಾಯಕಿಗೆ ಜ್ವರ ಬಂತು. ಚಿಕ್ಕಪ್ಪ ನೀರು ಕೇಳಿದರು, ಮಜ್ಜಿಗೆ ಕೇಳಿದರು, ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಯಿತು ಎಂದರು. ಅತ್ತೆ ಕದಲಲಿಲ್ಲ. ಕೊನೆಗೆ ಟಿವಿ ಆರಿಸಲು ಚಿಕ್ಕಪ್ಪನೇ ರಿಮೋಟು ಎತ್ತಿಕೊಂಡರು. ಅಷ್ಟರಲ್ಲಿ ಅತ್ತೆ ತಿರುಗಿದರು. ಚಿಕ್ಕಪ್ಪ ಗಾಬರಿಯಲ್ಲಿ ರಿಮೋಟಿನ ಮೇಲೆಯೇ ಕುಳಿತುಬಿಟ್ಟರು. ಯಾವ ಗುಂಡಿ ಒತ್ತಿತೋ, ಸದ್ದು ಏರುತ್ತಲೇ ಹೋಯಿತು. ನಾಯಕಿಯ ಕೊನೆಯ ಗೋಳು ಬೀದಿಗೆಲ್ಲ ಕೇಳಿ, ಯಾರು ಹೋದರು ಎಂದು ಪಕ್ಕದ ಮನೆಯವರು ಓಡಿಬಂದರು!

ಅವರನ್ನು ಕಳಿಸಿದ ಮೇಲೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇವ್ರು ಪುಸ್ತಕಾನ ಓದ್ದೇನೇ ಸಿನಿಮಾ ತೆಗ್ದವ್ರೆ ಕಣೋ" ಎಂದರು ಅತ್ತೆ. "ನೀನು ಓದಿದ್ಯಲ್ಲ. ನೀನು ಹೇಳಿದ್ದೇ ಸರಿ."

ಅತ್ತೆ ತಮ್ಮನ ಹತ್ತಿರ ಸರಿದು ಕುಳಿತು, ಮದುವೆಯಾದ ಮೇಲೆ ಕಥೆಯ ಆ ಇಬ್ಬರೂ ಹೇಗಿದ್ದರು ಎಂದು ಕೇಳಿದರು.

"ಹೆಣ್ಣು ಕೂಸು ಆತಕ್ಕ" ಎಂದರು ಚಿಕ್ಕಪ್ಪ. "ನಿನ್ನ ಹೆಸರ ಇಟ್ರು."