ಮಾಬೂಸಾಬನ ಹುದ್ದೆಯ ಹೆಸರು

ಯಾವುದಾದರೂ ಕಚೇರಿಯಲ್ಲಿ ಒಬ್ಬ ಗುಮಾಸ್ತನಿಗೆ ‘ಕನ್ನಡ ಬಹಳ ಚೆನ್ನಾಗಿ ಬರೆಯುತ್ತಾನೆ’ ಎಂಬ ಹೆಸರಿದ್ದರೆ, ನಿಮ್ಮ ಕಾಗದ ಅವನ ಮೇಜಿಗೆ ಹೋಗದಂತೆ ನೋಡಿಕೊಳ್ಳಿ. ಕೈ ಬಿಸಿ ಮಾಡಿಸಿಕೊಳ್ಳುವ ಗುಮಾಸ್ತ ಆಮೇಲಾದರೂ ಕೆಲಸ ಮಾಡಿಕೊಡುತ್ತಾನೆ. ಚೆನ್ನಾಗಿ ಬರೆಯುವವನು ಏನನ್ನೂ ಕೇಳುವುದಿಲ್ಲ, ಚಹಾವನ್ನೂ ತಾನೇ ಕುಡಿಸುತ್ತಾನೆ, ಕೊನೆಗೆ ನಿಮ್ಮ ಕೆಲಸವನ್ನು ಒಂದು ಸುಂದರವಾದ ವಾಕ್ಯದೊಳಗೆ ಮುಳುಗಿಸಿ ಕೈ ತೊಳೆದುಕೊಳ್ಳುತ್ತಾನೆ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕೆಂದರೆ ಆ ಗುಮಾಸ್ತ ನಾನೇ. ಈ ವಿಷಯ ಬರೆಯಬೇಕೋ ಬೇಡವೋ ಎಂದು ಮೂರು ತಿಂಗಳು ಯೋಚಿಸಿದ್ದೇನೆ. ನಾಚಿಕೆ ಒಳಗೇ ಇದ್ದರೆ ಊಟ ಸೇರುವುದಿಲ್ಲ ಎಂದು ಗೊತ್ತಾದ ಮೇಲೆ ಬರೆಯುತ್ತಿದ್ದೇನೆ.

ನಾನಿರುವ ಪುರಸಭೆ ಯಾವುದೆಂದು ಹೇಳುವುದಿಲ್ಲ. ಗದಗಿನಲ್ಲಿ ಬಸ್ಸು ಹತ್ತಿ ಒಂದು ಸಣ್ಣ ನಿದ್ದೆ ತೆಗೆದರೆ ಸಿಗುತ್ತದೆ, ಅಷ್ಟು ಸಾಕು. ನನ್ನದು ಸಿಬ್ಬಂದಿ ವಿಭಾಗ. ಯಾರು ಯಾವಾಗ ಸೇರಿದರು, ಯಾರಿಗೆ ಬಡ್ತಿ, ಯಾರಿಗೆ ರಜೆ, ಎಲ್ಲಾ ನನ್ನ ಕಪಾಟಿನಲ್ಲಿ. ಒಮ್ಮೆ ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬಂತು. ಸ್ಪರ್ಧಿಸಿದವರು ಮೂವರು, ಬಹುಮಾನಗಳೂ ಮೂರು ಎಂಬುದನ್ನು ನಾನು ಎಲ್ಲೂ ಹೇಳಲಿಲ್ಲ. ಅಂದಿನಿಂದ ನನ್ನ ಪೆನ್ನು ನೆಟ್ಟಗೆ ನಡೆಯುವುದನ್ನು ಬಿಟ್ಟಿತು. ಮನೆಯಲ್ಲಿ ಸಿಲಿಂಡರ್ ಖಾಲಿಯಾದಾಗ ‘ಅನಿಲವು ತನ್ನ ಅಂತಿಮ ಹಂತವನ್ನು ತಲುಪಿದೆ’ ಎಂದು ಚೀಟಿ ಬರೆದಿಟ್ಟು ಹೋಗಿದ್ದೆ. ಹೆಂಡತಿ ಅದನ್ನು ಓದಿ, ನನ್ನ ಸೋದರಮಾವನಿಗೆ ಏನೋ ಆಯಿತೆಂದು ಗಾಬರಿಯಾಗಿ ಫೋನು ಮಾಡಿದಳು. ಮಾವನ ಹೆಸರು ಅನಿಲ.

ಇನ್ನು ಮಾಬೂಸಾಬ. ಅವನು ನಮ್ಮಲ್ಲಿ ಇಪ್ಪತ್ತೆರಡು ವರ್ಷಗಳಿಂದ ದಿನಗೂಲಿ, ಕೆಲಸ ಗಿಡ ಸವರುವುದು. ನಮ್ಮ ಕಡೆ ಎಷ್ಟು ದೊಡ್ಡದಿದ್ದರೂ ಅದು ಗಿಡವೇ. ನಾಲ್ಕು ಜನ ಕೈ ಕೂಡಿಸಿದರೂ ತಬ್ಬಲಾಗದ ಆಲ ಕೂಡ ಆಲದ ಗಿಡ. ಮರ ಅಂದರೆ ನಮ್ಮ ಹೆಂಗಸರು ಜೋಳ ಹಸನು ಮಾಡುವ ಮರ, ನೀವು ಮೊರ ಎನ್ನುತ್ತೀರಲ್ಲ ಅದು, ಅದನ್ನು ಯಾರೂ ಹತ್ತುವುದಿಲ್ಲ. ಮಾಬೂಸಾಬ ಟೊಂಗೆ ಕೊಯ್ಯುವಾಗ ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಆಡಿಸಿ, ಆಮೇಲೆ ಮೇಲಿನಿಂದ ಕೊಯ್ಯುತ್ತಾನೆ. ಹಾಗೆ ಮಾಡದಿದ್ದರೆ ಟೊಂಗೆ ಬೀಳುವಾಗ ಗಿಡದ ತೊಗಟೆಯನ್ನೂ ಸೀಳಿಕೊಂಡು ಬರುತ್ತದಂತೆ. ಗೂಡಿನಲ್ಲಿ ಮರಿ ಇದ್ದರೆ ಆ ಟೊಂಗೆಯನ್ನು ತಿಂಗಳುಗಟ್ಟಲೆ ಮುಟ್ಟುವುದಿಲ್ಲ, ವಿದ್ಯುತ್ ಇಲಾಖೆಯವರು ಬಂದು ಬೈದರೂ ಮುಟ್ಟುವುದಿಲ್ಲ. ಇಷ್ಟಾದರೂ ಹತ್ತಿದ ದಿನ ಕೂಲಿ, ಮಳೆ ಬಂದ ದಿನ ಇಲ್ಲ. ಲಕ್ಷ್ಮೇಶ್ವರದಲ್ಲಿ ದಲಾಲಿ ಅಂಗಡಿಯಲ್ಲಿ ಹಮಾಲಿ ಮಾಡುವ ಅವನ ತಮ್ಮನ ಗಳಿಕೆ ಇವನಿಗಿಂತ ಚೆನ್ನಾಗಿದೆ. ಇಪ್ಪತ್ತೆರಡು ವರ್ಷದಲ್ಲಿ ಮಾಬೂಸಾಬ ಮೇಲೆ ಹೋಗಿದ್ದು ಗಿಡದಲ್ಲಿ ಮಾತ್ರ. ಈಗ ಅವನ ಮೊಣಕಾಲು ನೋಯುತ್ತದೆ.

ಹೋದ ವರ್ಷ ಬೆಂಗಳೂರಿನ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಬಹಳ ವರ್ಷದ ದಿನಗೂಲಿಗಳನ್ನು ಖಾಯಂ ಮಾಡುವುದಿದೆ, ಯಾದಿ ಕಳಿಸಿ ಎಂದು. ಹೆಸರು, ಸೇರಿದ ವರ್ಷ, ಹುದ್ದೆ, ಇಷ್ಟೇ ಕಾಲಂಗಳು. ಆದರೆ ಪುರಸಭೆಯ ಹುದ್ದೆಗಳಲ್ಲಿ ಪೌರಕಾರ್ಮಿಕ ಇದ್ದಾನೆ, ವಾಲ್ವ್‌ಮನ್ ಇದ್ದಾನೆ, ಚಾಲಕ ಇದ್ದಾನೆ, ಮಾಲಿ ಇದ್ದಾನೆ, ಗಿಡ ಹತ್ತುವವನು ಇಲ್ಲ. ಮುಖ್ಯಾಧಿಕಾರಿಗಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಮಾಲಿ ಅಂತ ಬರೆದು ಕಳಿಸ್ರಿ, ಆತು, ಎಂದರು. ನನಗೆ ಸಮಾಧಾನವಾಗಲಿಲ್ಲ. ಸಾಹೇಬರ ಕೋಣೆಯ ಎರಡು ಕುಂಡಗಳಿಗೆ ನೀರು ಹಾಕುವವನೂ ಮಾಲಿ, ಆಕಾಶದಲ್ಲಿ ಹಗ್ಗ ಕಟ್ಟಿಕೊಂಡು ತೂಗಾಡುವವನೂ ಮಾಲಿಯೇ? ಸತ್ಯವನ್ನೇ ಬರೆಯಬೇಕೆಂದು ‘ಗಿಡ ಸವರುವವ’ ಎಂದು ಬರೆದೆ. ಸಾಹೇಬರು ಅವಸರದಲ್ಲಿದ್ದರು, ನೋಡದೆ ಸಹಿ ಮಾಡಿದರು.

ಹದಿನೈದು ದಿನಕ್ಕೆ ಕಾಗದ ತಿರುಗಿ ಬಂತು. ಗಿಡಗಳನ್ನು ಸವರಲು ಪೂರ್ಣಾವಧಿಯ ನೌಕರ ಏಕೆ ಬೇಕು, ನಿಮ್ಮ ಹಳೆಯ ಖರ್ಚಿನ ಲೆಕ್ಕದಲ್ಲಿ ಕಾಣುವಂತೆ ಗಿಡ ಸವರಲು ಏಣಿ ಮತ್ತು ಹಗ್ಗವನ್ನು ಖರೀದಿಸಿದ್ದೇಕೆ, ಈ ಕೆಲಸವನ್ನು ಮಾಲಿಯೇ ಕತ್ತರಿಯಿಂದ ಮಾಡಬಹುದಲ್ಲವೇ ಎಂದು ಕೇಳಿದ್ದರು. ಆ ಕಡೆಯವರಿಗೆ ಗಿಡವೆಂದರೆ ಮೊಣಕಾಲೆತ್ತರದ ದಾಸವಾಳ. ಈಗ ನೋಡಿದರೆ ಉತ್ತರವನ್ನು ಅವರೇ ನನ್ನ ಕೈಗೆ ಕೊಟ್ಟಿದ್ದರು. ‘ಹೌದು, ಇವನೇ ಆ ಮಾಲಿ’ ಎಂದು ಒಂದು ಸಾಲು ಬರೆದಿದ್ದರೆ ಮಾಬೂಸಾಬ ಇವತ್ತು ಖಾಯಂ. ಆದರೆ ನನಗೆ ಇಡೀ ಉತ್ತರ ಕರ್ನಾಟಕಕ್ಕೆ ಅವಮಾನವಾದಂತೆ ಅನಿಸಿಬಿಟ್ಟಿತು. ಮೂರು ಪುಟ ಬರೆದೆ. ತೊಗಟೆ, ಟೊಂಗೆ, ಗಾಯ, ಆರೈಕೆ ಎಲ್ಲವನ್ನೂ ವರ್ಣಿಸಿ, ‘ಆದಕಾರಣ ಸದರಿಯವರನ್ನು ವೃಕ್ಷ ಶಸ್ತ್ರಚಿಕಿತ್ಸಕರೆಂದು ಪರಿಗಣಿಸತಕ್ಕದ್ದು’ ಎಂದು ಮುಗಿಸಿದೆ. ವಿಭಾಗದವರಿಗೆಲ್ಲ ಗಟ್ಟಿಯಾಗಿ ಓದಿ ತೋರಿಸಿದೆ, ಚಪ್ಪಾಳೆ ಬಂತು. ಮಾಬೂಸಾಬನನ್ನೂ ಕರೆಸಿ ಓದಿದೆ. ಅವನು ಕೈ ಕಟ್ಟಿಕೊಂಡು ಪೂರ್ತಿ ಕೇಳಿ, ಇದರೊಳಗೆ ನಾನು ಎಲ್ಲಿ ಬರುತ್ತೇನೆ ಎಂದು ಮೆಲ್ಲಗೆ ವಿಚಾರಿಸಿದ. ಅಷ್ಟೂ ನೀನೇ ಎಂದೆ. ಅವನ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ.

ಮುಂದಿನ ಪತ್ರದಲ್ಲಿ ಸದರಿ ಶಸ್ತ್ರಚಿಕಿತ್ಸಕರ ವೈದ್ಯಕೀಯ ಪದವಿ ಮತ್ತು ನೋಂದಣಿಯ ದೃಢೀಕೃತ ಪ್ರತಿ ಕೇಳಿದ್ದರು. ಕಡತದ ಒಂದು ಪ್ರತಿ ಅದು ಹೇಗೋ ಆಸ್ಪತ್ರೆಗಳನ್ನು ನೋಡಿಕೊಳ್ಳುವವರ ಕಡೆಗೂ ಹೋಗಿತ್ತು. ಅಲ್ಲಿಂದ ಒಬ್ಬರು ಫೋನು ಮಾಡಿ, ನಿಮ್ಮಲ್ಲಿ ತಿಂಗಳಿಗೆ ಎಷ್ಟು ಶಸ್ತ್ರಚಿಕಿತ್ಸೆ ಆಗುತ್ತವೆ, ಎಷ್ಟು ಮಂದಿ ಉಳಿದಿದ್ದಾರೆ ಎಂದು ವಿಚಾರಿಸಿದರು. ಬಹಳಷ್ಟು ಬೇವು ಉಳಿದಿವೆ ಎಂದೆ. ಅವರು ಫೋನು ಇಟ್ಟರು. ಇದನ್ನೆಲ್ಲ ಸರಿಪಡಿಸಿ ‘ಮಾಲಿ’ ಎಂದು ಬರೆದು ಕಳಿಸುವಷ್ಟರಲ್ಲಿ ಗಡುವು ಮುಗಿದಿತ್ತು. ಯಾದಿ ಬಂತು. ಕುಂಡಕ್ಕೆ ನೀರು ಹಾಕುವವನು ಖಾಯಂ ಆಗಿದ್ದ. ಮಾಬೂಸಾಬನ ಹೆಸರಿರಲಿಲ್ಲ.

ನಾನು ಅವನ ಕಣ್ಣು ತಪ್ಪಿಸಿ ಓಡಾಡತೊಡಗಿದೆ. ಅವನು ಮುಂದಿನ ಬಾಗಿಲಲ್ಲಿ ಕಂಡರೆ ನಾನು ಹಿಂದಿನ ಬಾಗಿಲಿಂದ ಹೊರಗೆ. ಅವನಿಗೆ ಸಂಶಯವೇ ಬರಲಿಲ್ಲ ಎಂಬುದು ಇನ್ನೂ ದೊಡ್ಡ ಕಷ್ಟವಾಯಿತು. ತನ್ನದು ದೊಡ್ಡ ಹುದ್ದೆ, ಅದರ ಯಾದಿ ಬೇರೆ ಬರುತ್ತದೆ ಎಂದು ಅವನೇ ಎಲ್ಲರಿಗೂ ಹೇಳುತ್ತಿದ್ದನಂತೆ. ಇದು ಕಿವಿಗೆ ಬಿದ್ದ ದಿನ ನಾನು ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ.

ಒಂದು ಭಾನುವಾರ ಅವನೇ ಮನೆಗೆ ಬಂದ. ನಮ್ಮ ಹಿತ್ತಲ ಬೇವು ತಗಡಿನ ಛಾವಣಿಯ ಮೇಲೆ ವಾಲಿತ್ತು, ನನ್ನ ಹೆಂಡತಿ ಹೇಳಿಕಳಿಸಿದ್ದಳು. ನಾನು ಗಡಬಡಿಸಿ ಎದ್ದು, “ಬರ್ರಿ ಮಾಬೂಸಾಬ, ಕುಂಡ್ರಿ” ಎಂದು ಕುರ್ಚಿ ಎಳೆದೆ. ಅವನು ಕೂರಲಿಲ್ಲ. ಹಗ್ಗವನ್ನು ಹೆಗಲಿಂದ ಇಳಿಸಿ ನನ್ನನ್ನೇ ನೋಡಿದ.

“ಏನರ ಕೆಟ್ಟ ಖಬರ ಐತೇನ್ರಿ ಸರ? ಇಷ್ಟ ವರ್ಷ ಬಾರೋ ಅಂತಿದ್ರಿ, ಇವತ್ತ ಬರ್ರಿ ಅಂದ್ರಿ.”

ಇಪ್ಪತ್ತೆರಡು ವರ್ಷ ಸಲ್ಲಬೇಕಾದ ಮರ್ಯಾದೆ ಅವನ ಕೆಲಸ ಕೆಡಿಸಿದ ಮೇಲೆ ನನ್ನ ಬಾಯಿಂದ ಹೊರಟಿತ್ತು. ತಲೆ ತಗ್ಗಿಸಿ, ಕೆಲವು ತಾಂತ್ರಿಕ ಕಾರಣಗಳಿಂದಾಗಿ ಸದರಿ ಪ್ರಸ್ತಾವನೆಯು, ಎಂದು ಶುರು ಮಾಡಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಅವರಿಗೆ ತಿಳಿಯುವಂಗ ಹೇಳ್ರಿ, ಎಂದು ಅಷ್ಟೇ ಹೇಳಿದಳು.

“ನಿಮ್ಮ ಹೆಸರು ಬರಲಿಲ್ರಿ ಮಾಬೂಸಾಬ. ಬ್ಯಾರೆ ಯಾದಿ ಏನೂ ಇಲ್ಲ. ಮಾಲಿ ಅಂತ ಬರೆದಿದ್ರ ಬರ್ತಿತ್ತು. ನಾ ಶ್ಯಾಣ್ಯಾತನ ಮಾಡಿ ಕೆಡಿಸಿದೆ.”

ಅವನು ಬಗ್ಗಿ ಹಗ್ಗದ ಗಂಟು ಬಿಚ್ಚತೊಡಗಿದ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮೊಣಕಾಲು ಇನ್ನು ಎರಡು ವರ್ಷ ತಡೆಯಬಹುದು, ಆಮೇಲೆ ಏನು ಮಾಡಬೇಕೋ ಗೊತ್ತಿಲ್ಲ ಎಂದ. ಕೊನೆಗೆ ಅವನೇ ದಾರಿ ಹುಡುಕಿದ.

“ಇನ್ನೊಂದು ಅರ್ಜಿ ಬರೀರಿ ಸರ. ನಿಮ್ಮಷ್ಟು ಛಲೋ ಬರಿಯವ್ರು ಯಾರದಾರ?”

ಆ ಮಾತಿಗೆ ನನಗೆ ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡಬೇಕು ಅನಿಸಿತು. ಪೆನ್ನು ಹಿಡಿದೆ, ಕೈ ಮುಂದೆ ಹೋಗಲಿಲ್ಲ. ಹೆಂಡತಿ ಬಂದು ಪೆನ್ನು ಕಸಿದುಕೊಂಡು ತಾನೇ ಬರೆದಳು. ‘ನಾನು ಇಪ್ಪತ್ತೆರಡು ವರ್ಷದಿಂದ ಪುರಸಭೆಯ ಮಾಲಿ, ಯಾದಿಯಲ್ಲಿ ನನ್ನ ಹೆಸರು ಬಿಟ್ಟುಹೋದದ್ದು ಗುಮಾಸ್ತರ ತಪ್ಪು, ನನ್ನನ್ನು ಖಾಯಂ ಮಾಡಿ.’ ಮೂರೇ ಸಾಲು. ಮಾಬೂಸಾಬ ಸಹಿ ಮಾಡಿ, ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡು, ನಮ್ಮ ಬೇವನ್ನೂ ಸವರಿಕೊಟ್ಟೇ ಹೋದ.

ಸೋಮವಾರ ಆ ಅರ್ಜಿ ಸಾಹೇಬರ ಮೇಜಿನಿಂದ ನೇರವಾಗಿ ನನ್ನ ಮೇಜಿಗೆ ಬಂತು. ಗುಮಾಸ್ತರ ತಪ್ಪು ಎಂದಿದೆ, ಸಂಬಂಧಪಟ್ಟ ಗುಮಾಸ್ತರು ಅಭಿಪ್ರಾಯ ಬರೆಯಲಿ ಎಂದು ಅಂಚಿನಲ್ಲಿ ಬರೆದಿದ್ದರು. ಅರ್ಧ ದಿನ ಕೂತು, ಕೆಳಗೆ ‘ಹೌದು’ ಎಂದು ಬರೆದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚಿಕ್ಕ ಟಿಪ್ಪಣಿ ಬರೆದದ್ದು ಅದೇ ಮೊದಲು. ಆದರೆ ಆ ಶಬ್ದ ಒಂದೇ ನಿಂತು ತೀರಾ ಬೋಳಾಗಿ ಕಂಡಿತು. ಅದಕ್ಕೆ ಮೊದಲು ‘ನಿಸ್ಸಂಶಯವಾಗಿಯೂ’ ಎಂದು ಸೇರಿಸಿದೆ. ಸೇರಿಸಿದ ಕೂಡಲೇ ನಾಚಿಕೆಯಾಗಿ ಹೊಡೆದುಹಾಕಿದೆ. ಕಾಗದ ಹಾಗೆಯೇ ಬೆಂಗಳೂರಿಗೆ ಹೋಯಿತು. ನಿನ್ನೆ ಬೆಂಗಳೂರಿನಿಂದ ಕಡತ ವಾಪಸು ಬಂದಿದೆ. ಮಾಬೂಸಾಬನ ವಿಷಯದಲ್ಲಿ ತಕರಾರೇನೂ ಇಲ್ಲವಂತೆ. ಆದರೆ ಸಂಶಯವಿಲ್ಲ ಎಂದು ಬರೆದದ್ದನ್ನು ಹೊಡೆದುಹಾಕಿರುವುದರಿಂದ ಗುಮಾಸ್ತರಿಗೆ ಏನೋ ಸಂಶಯವಿದೆ ಎಂದು ತಿಳಿಯುತ್ತದೆ, ಆ ಬಗ್ಗೆ ವಿವರವಾದ ಉತ್ತರ ಕಳಿಸಿ ಎಂದು ಕೇಳಿದ್ದಾರೆ. ಉತ್ತರ ಬರೆಯುವ ಕೆಲಸವನ್ನು ಸಾಹೇಬರು ನನಗೇ ಕೊಟ್ಟಿದ್ದಾರೆ.