ಗಂಗಾಧರನ ಮನೆಯ ಸೊಳ್ಳೆಗಳು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಷಡ್ಡಕನ ಸೈಟು, ಎದುರುಮನೆಯವರ ಬೋರ್‌ವೆಲ್ ನೀರು, ನನ್ನ ವಯಸ್ಸಿನವರ ತಲೆಯಲ್ಲಿ ಇನ್ನೂ ಉಳಿದಿರುವ ಕೂದಲು, ಇವೆಲ್ಲವನ್ನೂ ನೋಡಿ ನಾನು ಕಾಲಕಾಲಕ್ಕೆ ಕರುಬಿದ್ದೇನೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಎಲ್ಲರೂ ಮಾಡುವುದೇ. ಆದರೆ ಇನ್ನೊಬ್ಬನ ಮನೆಯ ಸೊಳ್ಳೆಗಳನ್ನು ಕಂಡು ಹೊಟ್ಟೆ ಉರಿದುಕೊಂಡವನು ಬಹುಶಃ ನಾನೊಬ್ಬನೇ ಇರಬೇಕು. ಒಂದು ದಿನ ಎರಡು ದಿನವಲ್ಲ, ಸರಿಯಾಗಿ ಆರು ತಿಂಗಳು. ಇದನ್ನು ನನ್ನ ಹೆಂಡತಿ ವಿಜಯಳಿಗೆ ಇಂದಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ನೀವು ಟಿ. ದಾಸರಹಳ್ಳಿಯ ತನಕ ಬಂದು ಅವಳ ಕಿವಿಗೆ ಹಾಕಲಾರಿರಿ ಎಂಬ ಧೈರ್ಯದ ಮೇಲೆ.

ಪೀಣ್ಯದಲ್ಲಿ ಸೊಳ್ಳೆಬತ್ತಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಸೀನಿಯರ್ ಟೆಕ್ನಿಷಿಯನ್. ನೆಂಟರು ಕೇಳಿದರೆ ಕ್ವಾಲಿಟಿ ವಿಭಾಗ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ನನ್ನ ಕೆಲಸ ಸೊಳ್ಳೆ ಸಾಕುವುದು. ಬತ್ತಿ ಸೊಳ್ಳೆಯನ್ನು ಕೊಲ್ಲುತ್ತದೆಯೇ ಎಂದು ನೋಡಲು ಮೊದಲು ಸೊಳ್ಳೆ ಬೇಕಲ್ಲ, ಅದಕ್ಕೆ. ನಮ್ಮ ಲ್ಯಾಬಿನ ಸೊಳ್ಳೆಗಳದು ಭಾರಿ ಸುಖಿ ವಂಶ. ಅಜ್ಜ ಮುತ್ತಜ್ಜನ ಕಾಲದಿಂದ ಪರದೆ ಕಟ್ಟಿದ ಪಂಜರದಲ್ಲಿ ಹುಟ್ಟಿ, ಸಕ್ಕರೆ ನೀರು ಕುಡಿದು, ಏಸಿ ಗಾಳಿಯಲ್ಲಿ ಬೆಳೆದವು. ಬೇಸಿಗೆಯಲ್ಲಿ ನನ್ನ ಮೇಜಿಗೊಂದು ಫ್ಯಾನು ಕೇಳಿದಾಗ ಆಡಳಿತದವರು ಬಜೆಟ್ ಇಲ್ಲ ಎಂದರು. ಸೊಳ್ಳೆ ಕೋಣೆಯ ಏಸಿ ಕೆಟ್ಟಾಗ ಒಂದೇ ಗಂಟೆಯಲ್ಲಿ ಮೆಕ್ಯಾನಿಕ್ ಬಂದ. ವಿಷದ ವಾಸನೆಯನ್ನೇ ಕಾಣದ ಈ ಸೊಳ್ಳೆಗಳು ಬತ್ತಿಯ ಮೊದಲ ಹೊಗೆಗೇ ಕಾಲು ಮೇಲೆ ಮಾಡಿ ಬೀಳುತ್ತಿದ್ದವು. ನಮ್ಮ ಡಬ್ಬಿಯ ಮೇಲೆ ಅಚ್ಚಾಗುವ ಹೆಗ್ಗಳಿಕೆಯೆಲ್ಲ ಅವುಗಳ ಪ್ರಾಣದ ಮೇಲೆ ನಿಂತಿತ್ತು.

ಹೀಗೆ ಎಲ್ಲ ನೆಮ್ಮದಿಯಾಗಿದ್ದಾಗ ಹೊಸದಾಗಿ ಕೀಟಶಾಸ್ತ್ರ ಓದಿದ ಡಾಕ್ಟರ್ ಮೇಡಂ ಒಬ್ಬರು ನಮ್ಮ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದರು. ಬಂದ ವಾರವೇ ನಮ್ಮನ್ನೆಲ್ಲ ಕರೆದು, “ಈ ಮುದ್ದು ಸೊಳ್ಳೆ ಸತ್ರೆ ಏನ್ ಬಂತು? ಊರಲ್ಲಿರೋವು ಸಾಯ್ತಿಲ್ಲ ಅಂತ ದಿನಾ ಕಂಪ್ಲೇಂಟ್ ಇದೆ. ನೀವೆಲ್ಲ ನಿಮ್ಮ ನಿಮ್ಮ ಮನೆ ಹತ್ರ ನಿಂತ ನೀರಿಂದ ಮರಿ ಹಿಡ್ಕೊಂಡು ಬನ್ನಿ” ಎಂದರು. ಬೇಕಾಗಿದ್ದದ್ದು ಡ್ರಮ್ಮು, ತೊಟ್ಟಿಗಳಲ್ಲಿ ಹುಟ್ಟುವ, ಹಗಲು ಹೊತ್ತಿನಲ್ಲೇ ಕಚ್ಚಿ ಡೆಂಗಿ ಹರಡುವ ಪಟ್ಟೆ ಕಾಲಿನ ಸೊಳ್ಳೆ. ಯಾರ ಮನೆಯ ಸೊಳ್ಳೆ ವಿಷಕ್ಕೆ ಎಲ್ಲಕ್ಕಿಂತ ಕಡಿಮೆ ಜಗ್ಗುತ್ತದೋ ಅದರ ಸಂತಾನವನ್ನು ಲ್ಯಾಬಿನಲ್ಲಿ ಕಾಯಂ ಇಟ್ಟುಕೊಳ್ಳುತ್ತಾರೆ, ವಿದೇಶದವರೂ ಓದುವ ವರದಿಯಲ್ಲಿ ಊರಿನ ಹೆಸರಿನ ಜೊತೆ ಅದನ್ನು ತಂದವರ ಹೆಸರೂ ಅಚ್ಚಾಗುತ್ತದೆ ಎಂದೂ ಹೇಳಿದರು. ಹತ್ತೊಂಬತ್ತು ವರ್ಷ ದುಡಿದರೂ ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ನನ್ನ ಹೆಸರು ಕಂಡಿರಲಿಲ್ಲ. ಆ ವರದಿಯಲ್ಲಿ ನನ್ನ ಹೆಸರು ಬರಲೇಬೇಕೆಂದು ಅಲ್ಲೇ, ನಿಂತ ಜಾಗದಲ್ಲೇ ತೀರ್ಮಾನಿಸಿದೆ.

ಪರೀಕ್ಷೆ ಬಹಳ ಸರಳ. ವಿಷ ಹಚ್ಚಿದ ಕಾಗದವಿರುವ ಕೊಳವೆಯೊಳಗೆ ಇಪ್ಪತ್ತೈದು ಸೊಳ್ಳೆಗಳನ್ನು ಒಂದು ಗಂಟೆ ಬಿಡುವುದು, ಆಮೇಲೆ ವಿಷವಿಲ್ಲದ ಕೊಳವೆಗೆ ದಾಟಿಸಿ ಮಾರನೆಯ ದಿನ ಬದುಕಿದವೆಷ್ಟು ಎಂದು ಎಣಿಸುವುದು. ನಮ್ಮ ಡ್ರಮ್ಮಿನಿಂದ ಉಪ್ಪಿನಕಾಯಿ ಬಾಟಲಿಯಲ್ಲಿ ತಂದು, ಲ್ಯಾಬಿನಲ್ಲಿ ರೆಕ್ಕೆ ಮೂಡುವ ತನಕ ಸಾಕಿದ್ದ ನನ್ನ ಸೊಳ್ಳೆಗಳು ಅರ್ಧ ಗಂಟೆಯೊಳಗೆ ಒಂದೂ ಬಿಡದೆ ಮಲಗಿದವು. ಪಕ್ಕದ ಕೊಳವೆ ಗಂಗಾಧರನದು. ಕನಕಪುರದ ಕಡೆಯ ಹುಡುಗ, ನಾಲ್ಕು ವರ್ಷದ ಹಿಂದೆ ನಾನೇ ಕೆಲಸ ಕಲಿಸಿದವನು. ಹೆಂಡತಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಿದ್ದುದರಿಂದ ಸಿಂಗಸಂದ್ರದಲ್ಲಿ ಮನೆ ಮಾಡಿಕೊಂಡು ದಿನಾ ಊರಿನ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ. ಅವನ ಸೊಳ್ಳೆಗಳು ವಿಷದ ಕಾಗದದ ಮೇಲೇ ಕೂತು ಆರಾಮವಾಗಿ ಕಾಲು ತಿಕ್ಕಿಕೊಳ್ಳುತ್ತಿದ್ದವು. ಮಾರನೆಯ ದಿನ ಇಪ್ಪತ್ತೆರಡು ಬದುಕಿದ್ದವು. ಮೇಡಂ ಬಗ್ಗಿ ನೋಡಿ, “ಎಂಥಾ ತಳಿ ಗಂಗಾಧರ್, ಬ್ಯೂಟಿಫುಲ್” ಎಂದರು. ಅವನು ತಲೆ ತಗ್ಗಿಸಿದ. ಒಳಗೊಳಗೇ ಬೀಗುತ್ತ ಹೊರಗೆ ವಿನಯ ತೋರಿಸುತ್ತಿದ್ದಾನೆ ಎಂದು ನನಗೆ ಮೈಯೆಲ್ಲ ಉರಿಯಿತು.

ಸೊಳ್ಳೆಗೆ ಈ ಗಟ್ಟಿತನ ಬರುವುದು ಹೇಗೆ ಎಂದು ಮೇಡಂ ಬೋರ್ಡಿನ ಮೇಲೆ ಬರೆದು ವಿವರಿಸಿದರು. ವಿಷ ಹೋಗಿ ಸೊಳ್ಳೆಯ ನರದ ಒಂದು ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದಂತೆ. ಲಕ್ಷದಲ್ಲಿ ಒಂದು ಸೊಳ್ಳೆಗೆ ಹುಟ್ಟಿನಿಂದಲೇ ಜೀನಿನಲ್ಲಿ ಒಂದಿಷ್ಟು ವ್ಯತ್ಯಾಸವಿದ್ದು ಆ ಬಾಗಿಲಿನ ಅಳತೆಯೇ ಬೇರೆಯಾಗಿರುತ್ತದೆ. ಮಿಕ್ಕವು ಹೊಗೆಗೆ ಸತ್ತರೆ ಅದೊಂದು ಉಳಿದು ಮೊಟ್ಟೆಯಿಡುತ್ತದೆ, ಮರಿಗಳಿಗೂ ಅದೇ ಬಾಗಿಲು. ಹದಿನೈದು ದಿನಕ್ಕೊಂದು ತಲೆಮಾರು. ಕೇಳುತ್ತ ಕೇಳುತ್ತ ನನಗೆ ಸೊಳ್ಳೆಯ ಮೇಲೇ ಅಸೂಯೆಯಾಯಿತು. ನಮ್ಮಪ್ಪ ಮೂವತ್ತು ವರ್ಷ ಪೀಣ್ಯದ ಫೌಂಡ್ರಿಯ ದೂಳು ಕುಡಿದರು, ನಾನು ಹತ್ತೊಂಬತ್ತು ವರ್ಷ ಬತ್ತಿಯ ಹೊಗೆ ಕುಡಿದೆ, ಆದರೂ ನನ್ನ ಮಗ ಒಗ್ಗರಣೆಯ ವಾಸನೆಗೆ ಹನ್ನೆರಡು ಸಲ ಸೀನುತ್ತಾನೆ. ನಮ್ಮ ವಂಶ ಏನನ್ನೂ ಕಲಿಯಲಿಲ್ಲ.

ನಮ್ಮ ಮನೆಯ ಸೊಳ್ಳೆಗಳು ಅಷ್ಟು ಅಳ್ಳೆದೆಯವಾಗಲು ಕಾರಣ ವಿಜಯ. “ಮೈಯೆಲ್ಲ ಬತ್ತಿ ವಾಸ್ನೆ ಹೊತ್ಕೊಂಡ್ ಬರ್ತೀರ, ಮನೇಲೂ ಅದೇ ಬೇಕಾ?” ಎಂದು ಅವಳು ಬತ್ತಿಯನ್ನು ಹೊಸಿಲು ದಾಟಲು ಬಿಟ್ಟವಳೇ ಅಲ್ಲ. ಮಂಚಕ್ಕೆ ಸೊಳ್ಳೆಪರದೆ, ಪ್ರತಿ ಶುಕ್ರವಾರ ಡ್ರಮ್ಮು ಖಾಲಿ ಮಾಡಿ ತಿಕ್ಕಿ ಬಿಸಿಲಿಗೆ ಬೋರಲು ಹಾಕುವುದು. ಹೀಗಾದರೆ ಸೊಳ್ಳೆಗೆ ಕಷ್ಟಸುಖ ತಿಳಿಯುವುದು ಯಾವಾಗ? ನಾನು ಕಾರ್ಖಾನೆಯಲ್ಲಿ ಬೇಡವೆಂದು ಬಿಸಾಡುವ ಮುರುಕು ಬತ್ತಿಗಳನ್ನು ಕೇಳಿ ಪಡೆದು ಚೀಲಗಟ್ಟಲೆ ತಂದೆ. ನಮ್ಮದು ಹತ್ತು ಮನೆಯ ವಠಾರ, ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುವವರು. ಮನೆಮನೆಗೂ ಹಂಚಿ, ಹಗಲೂ ಹಚ್ಚಿ ಎಂದು ಹೇಳಿಬಂದೆ. “ಸರ, ದೇವ್ರಂಥಾ ಮನ್ಷ್ಯಾ ಅದೀರಿ ನೀವು” ಎಂದು ಪಕ್ಕದ ಮನೆಯ ಶರಣಪ್ಪ ಕೈಮುಗಿದ. ವಿಜಯಳಿಗೆ ಗೊತ್ತಾಗದಂತೆ ನಮ್ಮ ಬಚ್ಚಲಿನ ಹಿಂದೆಯೂ ಒಂದು ಹಚ್ಚಿಟ್ಟೆ. ಡ್ರಮ್ಮು ತೊಳೆಯುವ ಕೆಲಸವನ್ನು “ನಿನಗ್ಯಾಕೆ ಸೊಂಟನೋವು” ಎಂದು ನಾನೇ ವಹಿಸಿಕೊಂಡೆ, ಮೇಲಿಂದ ಎರಡು ಚೊಂಬು ನೀರು ಚೆಲ್ಲಿ ಶಬ್ದ ಮಾಡಿ ಬಿಟ್ಟುಬಿಡುತ್ತಿದ್ದೆ. ಐವತ್ತಕ್ಕೆ ನಮ್ಮೋರಿಗೆ ಬುದ್ಧಿ ಬಂತು ಕಣೇ ಎಂದು ಅವಳು ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ಕೇಳಿಸಿಕೊಂಡೂ ನನಗೆ ನಾಚಿಕೆಯಾಗಲಿಲ್ಲ.

ನಾಲ್ಕನೆಯ ತಿಂಗಳು ಶರಣಪ್ಪ ಜ್ವರ ಬಂದು ಮಲಗಿದ. ರಕ್ತ ಪರೀಕ್ಷೆಗೆ ಕೊಟ್ಟು ರಿಪೋರ್ಟು ಬರುವ ತನಕ ಎರಡು ದಿನ ನನಗೆ ಅನ್ನ ಸೇರಲಿಲ್ಲ. ದೇವರಿಗೆ ಹರಕೆ ಹೊತ್ತೆ. ಡೆಂಗಿಯಲ್ಲ, ಮಾಮೂಲಿ ಜ್ವರ ಎಂದು ತಿಳಿದು ಕಣ್ಣಲ್ಲಿ ನೀರು ಬಂತು. ಮಾರನೆಯ ದಿನ ಮತ್ತೆ ಬತ್ತಿ ಹಂಚಿದೆ. ನನ್ನ ಹೊಟ್ಟೆಕಿಚ್ಚು ಯಾವ ಮಟ್ಟದ್ದು ಎಂದು ನಿಮಗೆ ಈಗ ಅಂದಾಜಾಗಿರಬೇಕು.

ಆರು ತಿಂಗಳಾದ ಮೇಲೆ ಮೇಡಂ ಎಲ್ಲರಿಂದಲೂ ಮತ್ತೊಮ್ಮೆ ಸೊಳ್ಳೆ ತರಿಸಿದರು. ಈ ಸಲ ನನ್ನ ಇಪ್ಪತ್ತೈದರಲ್ಲಿ ಇಪ್ಪತ್ಮೂರು ಬದುಕಿದ್ದವು. ಗಂಗಾಧರನವು ಇಪ್ಪತ್ತೆರಡೇ. ಮೇಡಂ ಅಚ್ಚರಿಪಟ್ಟು, ನಿಮ್ಮ ಏರಿಯಾದಲ್ಲಿ ಸರ್ಕಾರದವರು ಹೊಗೆ ಜಾಸ್ತಿ ಬಿಡ್ತಾರಾ, ಸುತ್ತಮುತ್ತ ಅಂಗಡಿಯವರೆಲ್ಲ ಏನ್ ಹಚ್ತಾರೆ, ಒಂದೆರಡು ಮನೆಯಿಂದ ಹೀಗಾಗಲ್ಲ ಎಂದು ಏನೇನೋ ಕೇಳಿದರು. ಯಾರ ಜೊತೆಗೂ ಕೀರ್ತಿ ಹಂಚಿಕೊಳ್ಳುವ ಮನಸ್ಸು ನನಗಿರಲಿಲ್ಲ, ಗೊತ್ತಿಲ್ಲ ಎಂದೆ. ಗಂಗಾಧರ ಇನ್ನೂ ನೋಡಿರದ ಫಲಿತಾಂಶದ ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು, ಅವನ ಮುಖ ಬಾಡುವುದನ್ನು ಕಣ್ಣಾರೆ ನೋಡಲು ನೇರ ಕ್ಯಾಂಟೀನಿಗೆ ಹೋದೆ.

ಅವನೇ ನನಗಾಗಿ ಕಾಯುತ್ತಿದ್ದ. ಕೂತ ತಕ್ಷಣ, “ಸಾರ್, ನಿಮ್ ವಠಾರದಲ್ಲಿ ಒಂದ್ ಮನೆ ಖಾಲಿಯಾಯ್ತದಂತಲ್ಲ, ಓನರ್‌ಗೆ ಒಂದ್ ಮಾತು ಹೇಳ್ತೀರಾ?” ಎಂದ. ಹೆಂಡತಿಯ ಕೆಲಸದ ಗತಿಯೇನಪ್ಪ ಎಂದೆ. “ಈ ಕಡೇನೇ ನೋಡ್ಕಂತಾಳೆ ಸಾರ್. ಅಲ್ಲಿ ಇರಾಕಾಗಲ್ಲ. ಓದ್ ವರ್ಷ ಮಗೀಗೆ ಡೆಂಗಿ ಆಗಿ ಆರು ದಿನ ಆಸ್ಪತ್ರೇಲಿ ಇಟ್ಕಂಡಿದ್ವಿ. ಅವತ್ತಿಂದ ಭಯಕ್ಕೆ ಬತ್ತಿ ಅಚ್ಚಿದ್ದೂ ಅಚ್ಚಿದ್ದೇ. ಸೊಳ್ಳೆ ಸಾಯ್ಲಿಲ್ಲ, ಅಮ್ಮಂಗೆ ಉಬ್ಸ ಜಾಸ್ತಿಯಾಯ್ತು. ಮೇಡಂ ನಮ್ಮನೆ ಸೊಳ್ಳೇನ ಒಗಳ್ದಾಗೆಲ್ಲ ನಂಗೆ ಮಗಾನೇ ಕಣ್ ಮುಂದೆ ಬರದು, ತಲೆ ಎತ್ತಾಕೆ ಆಗ್ತಿರ್ಲಿಲ್ಲ.” ಟೀ ಲೋಟವನ್ನು ನನ್ನ ಕಡೆ ಸರಿಸಿ, “ತಪ್ಪು ತಿಳ್ಕಬ್ಯಾಡಿ ಸಾರ್. ನಿಮ್ಮನೇವು ಅರ್ಧ ಗಂಟೇಲಿ ಬಿದ್ವಲ್ಲ, ಅವತ್ತಿಂದ ನಿಮ್ಮ ಮ್ಯಾಲೆ ನಂಗೆ ಒಟ್ಟೆಕಿಚ್ಚು” ಎಂದ.

ಜೇಬಿನ ಹಾಳೆ ಎದೆಗೆ ಚುಚ್ಚಿತು. ಅದನ್ನು ತೋರಿಸದಿದ್ದರೆ ಅವನು ಅಡ್ವಾನ್ಸು ಕೊಟ್ಟು, ಮಗು ತಾಯಿಯನ್ನು ಕರೆದುಕೊಂಡು ನನ್ನ ಸೊಳ್ಳೆಗಳ ಮಧ್ಯಕ್ಕೆ ಬಂದುಬಿಡುತ್ತಿದ್ದ. ತೆಗೆದು ಅವನ ಮುಂದಿಟ್ಟೆ. ನಾನೇ ಕಲಿಸಿದವನು, ಒಂದೇ ನೋಟಕ್ಕೆ ಓದಿಕೊಂಡ. ಮುಖ ಬಾಡಿತು. ಆರು ತಿಂಗಳು ಯಾವ ಮುಖಕ್ಕಾಗಿ ಕಾದಿದ್ದೆನೋ ಅದನ್ನು ಎದುರಿಗೆ ಕೂತು ನೋಡಲಾಗಲಿಲ್ಲ, ಟೀ ಲೋಟ ನೋಡುತ್ತ ಕೂತೆ. ಅವನ ಒಳ್ಳೆಯದಕ್ಕೆ ತೋರಿಸಿದೆನೋ, ಇಪ್ಪತ್ಮೂರು ಎಂಬುದನ್ನು ಅವನು ನೋಡಲಿ ಎಂದು ತೋರಿಸಿದೆನೋ, ಎರಡರಲ್ಲಿ ಯಾವುದರ ಪಾಲು ಎಷ್ಟು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಅವನು ಮಾತ್ರ ಹಾಳೆಯನ್ನು ನೀಟಾಗಿ ಮಡಿಚಿ ಕೊಟ್ಟು, “ಕಂಗ್ರಾಟ್ಸ್ ಸಾರ್. ಇನ್ಯಾವ ಕಡೆ ಸಾಯ್ತಾವೆ ಅಂತ ಗೊತ್ತಾದ್ರೆ ಹೇಳಿ” ಎಂದ.

ಅದಾದ ಮೇಲೆ ಒಂದು ಭಾನುವಾರ ವಠಾರದ ಹತ್ತೂ ಮನೆಯ ಡ್ರಮ್ಮುಗಳನ್ನು ನಾನೇ ತೆಂಗಿನ ನಾರು ಹಿಡಿದು ತಿಕ್ಕಿದೆ. ಬತ್ತಿ ತರುವುದನ್ನು ನಿಲ್ಲಿಸಿದೆ. ಆದರೆ ಅಕ್ಕಪಕ್ಕದ ಬೀದಿಗಳಿಂದಲೂ ಹಾರಿಬರುವ ಸೊಳ್ಳೆಯ ಜೀನನ್ನು ನಾರಿನಿಂದ ತಿಕ್ಕಿ ತೆಗೆಯಲು ಬರುವುದಿಲ್ಲ. ವರದಿಯೂ ಬಂತು, ದಾಸರಹಳ್ಳಿಯ ಮುಂದೆ ನನ್ನ ಹೆಸರು ಅಚ್ಚಾಗಿದೆ. ವಿಜಯಳಿಗೆ ತೋರಿಸಿದೆ. ಅವಳು ಒಂದು ಕೈಯಲ್ಲಿ ಹಾಳೆ ಹಿಡಿದು ಇನ್ನೊಂದು ಕೈಯಲ್ಲಿ ಪಟ್ ಎಂದು ಮೊಣಕಾಲಿಗೆ ಹೊಡೆದುಕೊಂಡು, “ಒಳ್ಳೇದಾಯ್ತು. ಮೊದ್ಲು ಈ ಕಾಟಕ್ಕೆ ಏನಾದ್ರೂ ಮಾಡಿ” ಎಂದಳು.

ಎರಡು ತಿಂಗಳು ಹುಡುಕಿ ಗಂಗಾಧರ ಹೆಸರಘಟ್ಟದ ಕಡೆ ತೋಟದ ಪಕ್ಕ ಒಂದು ಸಣ್ಣ ಮನೆ ಹಿಡಿದ. ಹೋಗುವ ಮುಂಚೆ ಅಲ್ಲಿನ ಸೊಳ್ಳೆಮರಿ ತಂದು, ಸಾಕಿ, ನಮ್ಮ ಕೊಳವೆಯಲ್ಲೇ ಪರೀಕ್ಷೆ ಮಾಡಿಕೊಂಡು ಅಡ್ವಾನ್ಸು ಕೊಟ್ಟ. ಬಾಡಿಗೆ ಮನೆಯನ್ನು ಹೀಗೆ ನೋಡಿ ಹಿಡಿದವನನ್ನು ನಾನಂತೂ ಕಂಡಿಲ್ಲ. ಹಾಲು ಉಕ್ಕಿಸುವ ದಿನ ನಮ್ಮಿಬ್ಬರನ್ನೂ ಊಟಕ್ಕೆ ಕರೆದ. ಅವನ ತಾಯಿ ಜಗಲಿಯಲ್ಲಿ ಕೂತು ಉಸಿರಿನ ತೊಂದರೆಯಿಲ್ಲದೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು, ಮಗು ಬರಿಮೈಯಲ್ಲಿ ಅಂಗಳದಲ್ಲಿ ಆಡುತ್ತಿತ್ತು. ಪಂಕ್ತಿಯ ಮೂಲೆಯಲ್ಲಿ ಬೆರಳುದ್ದದ ಒಂದು ತುಂಡು ಬತ್ತಿ ಹಚ್ಚಿದ್ದರು. ಪಾಯಸ ಬಡಿಸುವ ಹೊತ್ತಿಗೆ ನನ್ನ ಎಲೆಯ ಪಕ್ಕ ಒಂದು ಸೊಳ್ಳೆ ಬಂದು ಬಿತ್ತು, ಎರಡು ಸಲ ಕಾಲು ಆಡಿಸಿ ಸುಮ್ಮನಾಯಿತು. ವಿಜಯ ಅದನ್ನೇ ನೋಡಿ, “ನೋಡ್ರೀ, ಗಂಗಾಧರ ಅವರ ಮನೆ ಸೊಳ್ಳೆಗಳು ಎಷ್ಟ್ ಚೆನ್ನಾಗಿವೆ” ಎಂದಳು.